ತುಂಬಿದ ಕೋಣೆಗಳು: ಬಡಾವಣೆಯ ಜನದಟ್ಟಣೆ, ವಲಸೆ ಮತ್ತು ಮನೆಗಳ ಅಭಾವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆ ಏರುತ್ತಾ ಹೋಗಿ, ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ಮೂರು ಸಂಸಾರ ಸೇರಿಕೊಂಡಾಗ ಬಡಾವಣೆಯ ಜನ ಕೇಳುವ ಪ್ರಶ್ನೆಗಳು ಯಾವ ನಗರದಲ್ಲೂ ಹೆಚ್ಚೂಕಡಿಮೆ ಒಂದೇ. ಅವುಗಳಲ್ಲಿ ಕೆಲವು ಸಿಟ್ಟಿನಿಂದ ಬರುತ್ತವೆ, ಕೆಲವು ಭಯದಿಂದ. ಎರಡನ್ನೂ ತಳ್ಳಿಹಾಕದೆ ಉತ್ತರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಜನಸಾಂದ್ರತೆ ಹೆಚ್ಚಿದೆ ಎಂದರೆ ಜನ ಇಕ್ಕಟ್ಟಿನಲ್ಲಿದ್ದಾರೆ ಎಂದೇ ಅಲ್ಲವೇ?

ಅಲ್ಲ. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ. ಜನಸಾಂದ್ರತೆ ಎಂದರೆ ಒಂದು ಚದರ ಕಿಲೋಮೀಟರ್ ನೆಲಕ್ಕೆ ಎಷ್ಟು ಜನ ಎಂಬ ಲೆಕ್ಕ. ಇಕ್ಕಟ್ಟು ಎಂದರೆ ಒಂದು ಕೋಣೆಗೆ ಎಷ್ಟು ಜನ ಎಂಬ ಲೆಕ್ಕ. ಪ್ಯಾರಿಸ್‌ನ 11ನೇ ವಿಭಾಗದಲ್ಲಿ ಚದರ ಕಿಲೋಮೀಟರಿಗೆ ಸುಮಾರು 40,000 ಜನ ವಾಸಿಸುತ್ತಾರೆ. ಅದನ್ನು ಯಾರೂ ಕೊಳೆಗೇರಿ ಎನ್ನುವುದಿಲ್ಲ, ಏಕೆಂದರೆ ಅಲ್ಲಿ ಜನರಿಗೆ ತಕ್ಕಷ್ಟು ಅಂತಸ್ತುಗಳಿವೆ. ಇನ್ನೊಂದೆಡೆ, ನಗರದಂಚಿನ ಒಂಟಿ ಮನೆಗಳ ಬೀದಿಯೊಂದು ಹೊರಗಿನಿಂದ ಬಿಕೋ ಎನ್ನುತ್ತಿರಬಹುದು; ಒಳಗೆ ಕಾರು ನಿಲ್ಲಿಸುವ ಜಾಗದಲ್ಲೂ ಹಾಸಿಗೆ ಹಾಸಿರಬಹುದು.

ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಇದಕ್ಕೆ ಒಳ್ಳೆಯ ಪಾಠ. 1910ರಲ್ಲಿ ಅಲ್ಲಿ 23 ಲಕ್ಷಕ್ಕೂ ಹೆಚ್ಚು ಜನರಿದ್ದರು. ಗಗನಚುಂಬಿಗಳೆಲ್ಲ ಎದ್ದು ನಿಂತ ಮೇಲೆ, 2020ರ ಜನಗಣತಿಯಲ್ಲಿ, ಸುಮಾರು 17 ಲಕ್ಷ. ಕಟ್ಟಡಗಳು ಬೆಳೆದವು, ಜನ ಕಡಿಮೆಯಾದರು. ಅಂದು ಹೆಚ್ಚಾಗಿದ್ದದ್ದು ಮಹಡಿಗಳಲ್ಲ, ಒಂದು ಕೋಣೆಯೊಳಗಿನ ತಲೆಗಳು.

ಒಂದು ಮನೆಯಲ್ಲಿ ಎಷ್ಟು ಜನರಿದ್ದರೆ ಅದು ಮಿತಿ ಮೀರಿದಂತೆ?

ಇದಕ್ಕೆ ಜಗತ್ತಿನಲ್ಲಿ ಒಂದೇ ಅಳತೆಗೋಲು ಇಲ್ಲ. ವಿಶ್ವಸಂಸ್ಥೆಯ ಹ್ಯಾಬಿಟ್ಯಾಟ್ ಸಂಸ್ಥೆಯ ಪ್ರಕಾರ ಒಂದು ಕೋಣೆಗೆ ಮೂವರಿಗಿಂತ ಹೆಚ್ಚಿದ್ದರೆ ಇಕ್ಕಟ್ಟು. ಅಮೆರಿಕದಲ್ಲಿ ಕೋಣೆಗೆ ಒಬ್ಬರಿಗಿಂತ ಹೆಚ್ಚಾದರೆ ಸಾಕು. ಕೆನಡಾ ಮಲಗುವ ಕೋಣೆಗಳನ್ನು ಮಾತ್ರ ಎಣಿಸುತ್ತದೆ, ಒಂದಕ್ಕೆ ಇಬ್ಬರಂತೆ. ಐರೋಪ್ಯ ಒಕ್ಕೂಟದ ಅಳತೆ ವಯಸ್ಸು, ಲಿಂಗ ಎರಡನ್ನೂ ನೋಡುತ್ತದೆ: ದಂಪತಿಗೆ ಒಂದು ಕೋಣೆ, 18 ದಾಟಿದ ಪ್ರತಿಯೊಬ್ಬರಿಗೂ ಒಂದು, 12 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಒಂದು, ಹೀಗೆ.

ಇಂಗ್ಲೆಂಡಿನ 1985ರ ವಸತಿ ಕಾಯ್ದೆಯಲ್ಲಿರುವ ಅಳತೆಯ ಮೂಲ 1935ರಷ್ಟು ಹಳೆಯದು. ಅದು ನಡುಮನೆಯನ್ನೂ ಮಲಗುವ ಕೋಣೆ ಎಂದೇ ಎಣಿಸುತ್ತದೆ. ಒಂದರಿಂದ ಹತ್ತು ವರ್ಷದೊಳಗಿನ ಮಗು ಅದರ ದೃಷ್ಟಿಯಲ್ಲಿ ಅರ್ಧ ಮನುಷ್ಯ. ವರ್ಷ ತುಂಬದ ಕೂಸು ಲೆಕ್ಕಕ್ಕೇ ಇಲ್ಲ. ಎಂಟು ತಿಂಗಳ ಕೂಸಿನೊಂದಿಗೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆದವರು ಯಾರೂ ಈ ಲೆಕ್ಕವನ್ನು ಒಪ್ಪಲಾರರು. ಅಳತೆಗೋಲು ಹಳೆಯದಾದಷ್ಟೂ ಇಕ್ಕಟ್ಟು ಕಾಗದದ ಮೇಲೆ ಕಡಿಮೆ ಕಾಣುತ್ತದೆ.

ಅಂಥ ಕೋಣೆಯೊಳಗೆ ಬದುಕು ಹೇಗಿರುತ್ತದೆ?

ನಾನು ಒಂದೂವರೆ ವರ್ಷ ಅಂಥ ಕೋಣೆಯಲ್ಲಿದ್ದೆ. ಆರು ಹಾಸಿಗೆ, ಹತ್ತು ಜನ. ರಾತ್ರಿ ಪಾಳಿಯವರು ಬೆಳಿಗ್ಗೆ ಬಂದು ಮಲಗುವಾಗ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಅದು ಇನ್ನೊಬ್ಬರ ಮೈಯ ಬಿಸಿ. ಗೋಡೆಯಿಂದ ಗೋಡೆಗೆ ಕಟ್ಟಿದ ಎರಡು ಹಗ್ಗಗಳ ಮೇಲೆ ಎಲ್ಲರ ಬಟ್ಟೆ, ಅದರಡಿ ತಲೆ ಬಗ್ಗಿಸಿ ಓಡಾಟ. ಒಂದೇ ಕಿಟಕಿ, ಅದಕ್ಕೆ ಅಡ್ಡಲಾಗಿ ಎರಡಂತಸ್ತಿನ ಮಂಚ ಇಟ್ಟಿದ್ದರಿಂದ ಕಿಟಕಿ ತೆರೆಯಲು ಆಗುತ್ತಿರಲಿಲ್ಲ. ಗೋಡೆಯಲ್ಲಿದ್ದ ಒಂದೇ ಪ್ಲಗ್ಗಿಗೆ ಮೂರು ಉದ್ದ ತಂತಿ ಸಿಕ್ಕಿಸಿ ಎಲ್ಲರೂ ಮೊಬೈಲ್ ಚಾರ್ಜ್ ಮಾಡುತ್ತಿದ್ದೆವು. ಊರಿಗೆ ಮಾತನಾಡಬೇಕೆಂದರೆ ಮೆಟ್ಟಿಲಿಗೆ ಬರಬೇಕು. ಅಲ್ಲಿ ಆಗಲೇ ಯಾರೋ ಗೋಡೆಗೆ ಮುಖ ಮಾಡಿ, ಫೋನನ್ನು ಕಿವಿಗೊತ್ತಿಕೊಂಡು, ಹೆಂಡತಿಯ ಜೊತೆ ಪಿಸುಗುಟ್ಟುತ್ತಿರುತ್ತಿದ್ದರು.

ಕೊಳಕಿಗಿಂತ ಹೆಚ್ಚಾಗಿ ಮನುಷ್ಯನನ್ನು ಸವೆಸುವುದು ಬಾಗಿಲು ಹಾಕಿಕೊಳ್ಳಲು ಒಂದು ಜಾಗ ಇಲ್ಲದಿರುವುದು. ಅಳಬೇಕೆನಿಸಿದಾಗ ಅಳಲು ಸ್ಥಳವಿಲ್ಲ. ಮಕ್ಕಳಿರುವ ಮನೆಯಲ್ಲಾದರೆ ಓದಲು ಮೂಲೆಯಿಲ್ಲ. ಮಗು ಓದಿ ಮುಗಿಸುವವರೆಗೆ ಯಾರೂ ಕಾಯುವುದಿಲ್ಲ, ದೊಡ್ಡವರು ಮಲಗಬೇಕೆಂದು ಅದರ ದೀಪವೇ ಮೊದಲು ಆರುತ್ತದೆ.

ಆರೋಗ್ಯದ ಮೇಲೆ ಪರಿಣಾಮವೇನು?

ಕ್ಷಯ ಮತ್ತಿತರ ಉಸಿರಾಟದ ಸೋಂಕುಗಳು ಇಂಥ ಕೋಣೆಗಳಲ್ಲಿ ಸುಲಭವಾಗಿ ಹರಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಇಕ್ಕಟ್ಟನ್ನು ತಗ್ಗಿಸಬೇಕೆಂದು ಒತ್ತಿ ಹೇಳಿದೆ. 2020ರಲ್ಲಿ ಸಿಂಗಪುರದ ಕೋವಿಡ್ ಪ್ರಕರಣಗಳಲ್ಲಿ ಬಹುಪಾಲು ವಲಸೆ ಕಾರ್ಮಿಕರ ವಸತಿಗೃಹಗಳಲ್ಲಿ ಕಂಡವು. ಆ ನಂತರವೇ ಅಲ್ಲಿ ಹೊಸ ವಸತಿಗೃಹಗಳ ಕೋಣೆಗೆ 12 ಜನರ ಮಿತಿ ಬಂದದ್ದು.

ವಲಸಿಗರು ಬಂದದ್ದರಿಂದಲೇ ಬಾಡಿಗೆ ಏರಿತಲ್ಲವೇ?

ಈ ಪ್ರಶ್ನೆ ಕೇಳಿದವರನ್ನು ಕೆಟ್ಟವರೆಂದು ಬಾಯಿ ಮುಚ್ಚಿಸುವುದು ಸರಿಯಲ್ಲ, ಏಕೆಂದರೆ ಅದರಲ್ಲಿ ಸತ್ಯದ ಒಂದು ಪಾಲಿದೆ. 1980ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮಾರಿಯಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಬಹಳಷ್ಟು ಮಂದಿ ಮಯಾಮಿಯಲ್ಲೇ ನೆಲೆಸಿದರು. ಆ ನಗರದ ದುಡಿಯುವ ಜನರ ಸಂಖ್ಯೆ ಕೆಲವೇ ತಿಂಗಳಲ್ಲಿ ಶೇಕಡಾ 7ರಷ್ಟು ಹೆಚ್ಚಿತು. ಸ್ಥಳೀಯರ ಕೂಲಿ ಅಷ್ಟೇನೂ ಕುಸಿಯಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. ಆ ತೀರ್ಮಾನದ ಸುತ್ತ ವಾದ ಇನ್ನೂ ನಡೆದಿದೆ. ಆದರೆ ಬಾಡಿಗೆ? ಇನ್ನೊಬ್ಬ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಸೈಜ್ ಅದನ್ನು ಲೆಕ್ಕ ಹಾಕಿದಾಗ, 1979ರಿಂದ 1981ರ ನಡುವೆ ಮಯಾಮಿಯ ಬಾಡಿಗೆ ಹೋಲಿಕೆಗೆ ತೆಗೆದುಕೊಂಡ ಬೇರೆ ನಗರಗಳಿಗಿಂತ ಶೇಕಡಾ 8ರಷ್ಟು ಹೆಚ್ಚು ಏರಿತ್ತು. ನಗರದ ಜನಸಂಖ್ಯೆಯ ಶೇಕಡಾ 1ರಷ್ಟು ವಲಸಿಗರು ಬಂದರೆ ಬಾಡಿಗೆಯೂ ಸುಮಾರು ಶೇಕಡಾ 1ರಷ್ಟು ಏರುತ್ತದೆ ಎಂದು ಅವರೇ ಮುಂದೆ ಅಮೆರಿಕದ ನಗರಗಳ ಬಗ್ಗೆ ತೋರಿಸಿದರು.

ಹಾಗಾದರೆ ಏರುತ್ತದೆ, ನಿಜ. ಯಾಕೆ ಏರುತ್ತದೆ ಎಂಬುದು ಮುಖ್ಯ. ಮನುಷ್ಯ ಇಂದು ಸಂಜೆ ಬಸ್ಸಿನಿಂದ ಇಳಿಯುತ್ತಾನೆ. ಅವನಿಗೆ ಬೇಕಾದ ಮನೆ ನಕ್ಷೆ, ಅನುಮತಿ, ಅಡಿಪಾಯ ಎಲ್ಲ ದಾಟಿ ಎದ್ದು ನಿಲ್ಲಲು ಮೂರು ನಾಲ್ಕು ವರ್ಷ ಬೇಕು. ಆ ನಡುವಿನ ಅಂತರವೇ ಬಾಡಿಗೆಯ ಏರಿಕೆ. ಬಂದವನು ಬೇರೆ ದೇಶದವನೋ, ಪಕ್ಕದ ಹಳ್ಳಿಯವನೋ, ಹೊಸ ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿಯೋ, ಸಂಬಳ ಹೆಚ್ಚಿರುವ ಉದ್ಯೋಗಿಯೋ ಎಂಬುದನ್ನು ಬಾಡಿಗೆ ಕೇಳುವುದಿಲ್ಲ. ಹೆಚ್ಚು ಸಂಬಳದವನು ಬಂದರಂತೂ ಬಾಡಿಗೆ ಇನ್ನೂ ಬೇಗ ಏರುತ್ತದೆ, ಆದರೆ ಅವನನ್ನು ಯಾರೂ ಬೀದಿಯಲ್ಲಿ ನಿಲ್ಲಿಸಿ ಬೈಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಅಭಾವದ ಲಾಭ ಯಾರ ಜೇಬಿಗೆ ಹೋಗುತ್ತದೆ ಎಂದು ನೋಡಿ. ಎರಡು ಕೋಣೆಯ ಮನೆಯನ್ನು ಪ್ಲೈವುಡ್ ಹಲಗೆಯಿಂದ ಆರು ಗೂಡು ಮಾಡಿ, ತಲೆಗೆ ಇಷ್ಟೆಂದು ವಸೂಲಿ ಮಾಡುವವರದ್ದು ಉರಿಯುವ ಮನೆಯಲ್ಲಿ ಗಳ ಹಿರಿಯುವ ಕೆಲಸ. ಹಳೆಯ ಬಾಡಿಗೆದಾರ ಹೊಸಬನ ಮೇಲೆ ಸಿಟ್ಟಾಗುತ್ತಾನೆ. ಇಬ್ಬರೂ ಬಾಡಿಗೆ ಕಟ್ಟುವುದು ಮಾತ್ರ ಒಬ್ಬನೇ ಮಾಲೀಕನಿಗೆ.

ವಲಸೆಯನ್ನು ನಿಲ್ಲಿಸಿದರೆ ಅಭಾವ ನೀಗುವುದಿಲ್ಲವೇ?

ಒತ್ತಡ ಸ್ವಲ್ಪ ಇಳಿಯಬಹುದು, ಆದರೆ ಮನೆ ಹುಟ್ಟುವುದಿಲ್ಲ. ಜನಸಂಖ್ಯೆ ಒಂದಿಷ್ಟೂ ಹೆಚ್ಚದೆಯೂ ಮನೆಗಳು ಸಾಲದಾಗಬಹುದು. ಸಾವಿರ ಜನ ಮನೆಗೆ ಐವರಂತೆ ಇದ್ದರೆ 200 ಮನೆ ಸಾಕು. ಅವಿಭಕ್ತ ಕುಟುಂಬಗಳು ಒಡೆದು, ಮಕ್ಕಳು ಬೇರೆಯಾಗಿ, ಮುದುಕರು ಒಂಟಿಯಾಗಿ, ಮನೆಗೆ ಸರಾಸರಿ ಎರಡೂವರೆ ಜನ ಎಂದಾದರೆ ಅದೇ ಸಾವಿರ ಜನರಿಗೆ 400 ಮನೆ ಬೇಕು. ಇನ್ನೊಂದು ಮಾತು: ಅನೇಕ ನಗರಗಳಲ್ಲಿ ಗಾರೆ ಕಲಸುವವರು, ಕಬ್ಬಿಣ ಕಟ್ಟುವವರು, ಸಾರವೆ ಏರುವವರು ವಲಸಿಗರೇ. ಅವರನ್ನು ತಡೆದರೆ ಮನೆ ಕಟ್ಟುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಬೇಕು.

ಇಷ್ಟು ದೊಡ್ಡ ನಗರದಲ್ಲಿ ಇವರೆಲ್ಲ ಒಂದೇ ಬಡಾವಣೆಗೆ ಬಂದು ಸೇರುವುದೇಕೆ?

ಮೊದಲು ಬಂದ ಅಣ್ಣನೋ ಭಾವನೋ ಇರುವ ವಿಳಾಸ ಅದೊಂದೇ ಗೊತ್ತಿರುತ್ತದೆ. ಕೆಲಸ ನಡೆದು ಹೋಗುವಷ್ಟು ದೂರದಲ್ಲಿರುತ್ತದೆ. ಭಾಷೆ ತಿಳಿಯುವ ಅಂಗಡಿಯವರಿರುತ್ತಾರೆ. ಇವೆಲ್ಲ ಇದ್ದೂ, ಬೇರೆ ಬಡಾವಣೆಯ ಮಾಲೀಕರು ಹೆಸರು ಕೇಳಿಯೇ ಬಾಗಿಲು ಹಾಕುವುದು ದೊಡ್ಡ ಕಾರಣ. ಸಂಬಳದ ಚೀಟಿ, ಹಿಂದಿನ ಮಾಲೀಕರ ಪತ್ರ, ಆರು ತಿಂಗಳ ಮುಂಗಡ ಕೇಳುವ ಮನೆಗಳು ಹೊಸದಾಗಿ ಬಂದವನಿಗಲ್ಲ. ಕಾಗದ ಕೇಳದ ಕೋಣೆ ಸಿಗುವ ಕಡೆ ಅವನು ಹೋಗುತ್ತಾನೆ, ಮತ್ತು ಕಾಗದ ಕೇಳದಿರುವುದಕ್ಕೆ ಹೆಚ್ಚಿನ ಬೆಲೆ ತೆರುತ್ತಾನೆ.

ಇಂಥ ಮನೆಗಳನ್ನು ಪರಿಶೀಲಿಸಿ ಮುಚ್ಚಿಸಬಾರದೇ?

ಈ ಪ್ರಶ್ನೆಗೆ ಒಂದೂವರೆ ಶತಮಾನದ ಅನುಭವವಿದೆ, ಮತ್ತು ಅದರ ಬಹುಭಾಗ ನೋವಿನದು.

1862ರ ಕಾಯ್ದೆಯೊಂದರಡಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಚಿಕ್ಕ ಮನೆಗಳ ಬಾಗಿಲಿಗೆ ಲೋಹದ ಬಿಲ್ಲೆ ಹೊಡೆಯತೊಡಗಿದರು. ಮನೆಯೊಳಗೆ ಎಷ್ಟು ಘನ ಅಡಿ ಗಾಳಿಯಿದೆ, ಎಷ್ಟು ಜನ ಮಲಗಬಹುದು ಎಂಬುದು ಆ ಬಿಲ್ಲೆಯ ಮೇಲೆ. ದೊಡ್ಡವರೊಬ್ಬರಿಗೆ 300 ಘನ ಅಡಿ, ಮಗು ಅರ್ಧ. ತನಿಖಾಧಿಕಾರಿಗಳು ನಡುರಾತ್ರಿಯ ನಂತರ ಬಂದು ಬಾಗಿಲು ತಟ್ಟುತ್ತಿದ್ದರು. ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳಿದೊಡನೆ ಹೆಚ್ಚುವರಿ ಜನ ಮಂಚದಡಿ, ಕಪಾಟಿನೊಳಗೆ, ಕೊನೆಗೆ ಮಾಡಿನ ಮೇಲೂ ಅಡಗುತ್ತಿದ್ದರು. ಬಿಲ್ಲೆ ಜನರನ್ನು ಎಣಿಸಿತು. ಅವರಿಗೆ ಇನ್ನೊಂದು ಕೋಣೆಯನ್ನು ಕೊಡಲಿಲ್ಲ.

1870ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಇನ್ನೂ ಕಟ್ಟುನಿಟ್ಟಾದ ಕಾನೂನು ತಂದಿತು: ತಲೆಗೆ 500 ಘನ ಅಡಿ ಗಾಳಿ. ಆರೋಗ್ಯದ ಹೆಸರಿನಲ್ಲಿ ಬಂದ ಆ ಕಾನೂನನ್ನು ಪ್ರಯೋಗಿಸಿದ್ದು ಚೀನೀ ವಲಸಿಗರ ಬಡಾವಣೆಯ ಮೇಲೆ. ಮಲಗಿದ್ದವರನ್ನು ಎಬ್ಬಿಸಿ ಹಿಡಿದೊಯ್ದರು. ಅವರು ದಂಡ ಕಟ್ಟದೆ ಸೆರೆಮನೆಗೆ ಹೋಗಲು ಒಪ್ಪಿದರು. ಎಷ್ಟು ಜನ ಒಳಗೆ ಹೋದರೆಂದರೆ ಸೆರೆಮನೆಯಲ್ಲೇ ತಲೆಗೆ 500 ಘನ ಅಡಿ ಉಳಿಯಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಒಳ್ಳೆಯ ಉದ್ದೇಶದ ಕಾನೂನೂ ಹೀಗೆ ತಿರುಗಬಹುದು. ನ್ಯೂಯಾರ್ಕ್‌ನ ಲೋಯರ್ ಈಸ್ಟ್ ಸೈಡ್‌ನಲ್ಲಿ, 97 ಆರ್ಚರ್ಡ್ ಸ್ಟ್ರೀಟ್ ಎಂಬ ವಿಳಾಸದಲ್ಲಿ, 1863ರಲ್ಲಿ ಕಟ್ಟಿದ ಒಂದು ಬಾಡಿಗೆ ಕಟ್ಟಡವಿದೆ. ಒಂದೊಂದು ಮನೆ 325 ಚದರ ಅಡಿ, ಮೂರು ಕೋಣೆ. ಗಾಳಿ ಬೆಳಕು ನೇರವಾಗಿ ಬರುತ್ತಿದ್ದದ್ದು ಅವುಗಳಲ್ಲಿ ಒಂದಕ್ಕೆ ಮಾತ್ರ. ಜರ್ಮನಿ, ಐರ್ಲೆಂಡ್, ಇಟಲಿ, ಪೂರ್ವ ಯುರೋಪಿನಿಂದ ಬಂದ ಸುಮಾರು 7,000 ಜನ ಒಂದು ಕಾಲಕ್ಕಲ್ಲ ಒಂದು ಕಾಲಕ್ಕೆ ಅಲ್ಲಿ ಬದುಕಿದರು. 1901ರ ಬಾಡಿಗೆ ಕಟ್ಟಡ ಕಾಯ್ದೆ ಬಂದ ಮೇಲೆ ಒಳಗೋಡೆಗಳಲ್ಲಿ ಕಿಟಕಿ ಕೊರೆದರು, ಮಹಡಿಗಳಲ್ಲಿ ಶೌಚಾಲಯ ಬಂತು. ಅದು ನಿಜವಾದ ಸುಧಾರಣೆ, ಅದನ್ನು ಸಣ್ಣದೆನ್ನಲಾರೆ. ಆದರೆ ಅಗ್ನಿಸುರಕ್ಷತೆಯ ನಿಯಮಗಳು ಮತ್ತೂ ಬಿಗಿಯಾದಾಗ ಮಾಲೀಕರು ಖರ್ಚು ಮಾಡುವ ಬದಲು 1935ರಲ್ಲಿ ಬಾಡಿಗೆದಾರರನ್ನೆಲ್ಲ ಹೊರಗೆ ಕಳಿಸಿ ಮೇಲಿನ ಮಹಡಿಗಳನ್ನು ಮುಚ್ಚಿಬಿಟ್ಟರು. ದಶಕಗಳ ನಂತರ ಅಲ್ಲಿ ವಸ್ತುಸಂಗ್ರಹಾಲಯ ಶುರುವಾದಾಗ ಗೋಡೆಯ ಕಾಗದ ಪದರ ಪದರವಾಗಿ ಸುಲಿಯುತ್ತಿತ್ತು.

ಹಾಗೆಂದು ಕಣ್ಣು ಮುಚ್ಚಿಕೊಂಡಿರುವುದೂ ಕೊಲೆಗೆ ಸಮ. 2023ರ ಆಗಸ್ಟ್ 31ರ ನಸುಕಿನಲ್ಲಿ ಜೋಹಾನ್ಸ್‌ಬರ್ಗ್‌ನ ಒಂದು ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು 70ಕ್ಕೂ ಹೆಚ್ಚು ಜನ ಸತ್ತರು. ಅದು ನಗರಾಡಳಿತಕ್ಕೇ ಸೇರಿದ ಕಟ್ಟಡ. ಒಳಗೆ ಹಲಗೆ, ಬಟ್ಟೆಗಳಿಂದ ಮಾಡಿಕೊಂಡ ಗೂಡುಗಳಲ್ಲಿ ಬಡವರೂ ವಲಸಿಗರೂ ಬದುಕುತ್ತಿದ್ದರು. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡ ಹೊತ್ತಿ ಉರಿದು ಸುಮಾರು 50 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಭಾರತೀಯರು.

ಆದ್ದರಿಂದ ನನ್ನ ಉತ್ತರ: ಪರಿಶೀಲನೆ ಬೇಕೇ ಬೇಕು, ಆದರೆ ಸರಿಯಾದ ಕ್ರಮದಲ್ಲಿ. ಮೊದಲು ಬೆಂಕಿ: ಹೊರಹೋಗಲು ಎರಡನೆಯ ದಾರಿ, ತೆರೆಯುವ ಬಾಗಿಲು, ಹೊಗೆ ಪತ್ತೆ ಮಾಡುವ ಸಾಧನ. ಇವನ್ನು ವಾರದೊಳಗೆ ಮಾಡಿಸಬಹುದು, ಯಾರನ್ನೂ ಎಬ್ಬಿಸಬೇಕಿಲ್ಲ. ಆಮೇಲೆ ಬದಲಿ ವಸತಿ. ಅದು ಕೈಯಲ್ಲಿದ್ದ ಮೇಲಷ್ಟೇ ಬೀಗ. ದಂಡ ಬೀಳಬೇಕಾದದ್ದು ವಸೂಲಿ ಮಾಡಿದವರ ಮೇಲೆ, ಮಲಗಿದ್ದವರ ಮೇಲಲ್ಲ. ಹಾಂಗ್‌ಕಾಂಗ್‌ನಲ್ಲಿ ಸುಮಾರು 2,20,000 ಜನ ಹೀಗೆ ಗೂಡುಗಳಾಗಿ ಕತ್ತರಿಸಿದ ಮನೆಗಳಲ್ಲಿದ್ದಾರೆ. ಅಲ್ಲಿನ ಹೊಸ ಕಾನೂನು ಇಂಥ ಒಂದೊಂದು ಗೂಡಿಗೂ ಕನಿಷ್ಠ 8 ಚದರ ಮೀಟರ್ ಜಾಗ ಇರಬೇಕೆನ್ನುತ್ತದೆ. ನಿಯಮ ಸರಿಯಾಗಿದೆ. ಏಳು ಚದರ ಮೀಟರಿನ ಗೂಡಿನಿಂದ ಹೊರಬಿದ್ದವರು ಅಂದು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದರ ಮೇಲೆ ಅದರ ಯೋಗ್ಯತೆ ನಿರ್ಧಾರವಾಗುತ್ತದೆ.

ಬಾಡಿಗೆಗೆ ಸರ್ಕಾರ ಮಿತಿ ಹಾಕಿದರೆ?

ಇದ್ದವರಿಗೆ ರಕ್ಷಣೆ ಸಿಗುತ್ತದೆ, ಬರುವವರಿಗೆ ಬಾಗಿಲು ಕಿರಿದಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ 1994ರಲ್ಲಿ ಬಾಡಿಗೆ ನಿಯಂತ್ರಣವನ್ನು ಚಿಕ್ಕ ಹಳೆಯ ಕಟ್ಟಡಗಳಿಗೂ ವಿಸ್ತರಿಸಿತು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಂತೆ, ಆ ಮನೆಗಳಲ್ಲಿದ್ದವರು ಅಲ್ಲೇ ಉಳಿಯುವ ಸಾಧ್ಯತೆ ಹೆಚ್ಚಿತು. ಆದರೆ ಮಾಲೀಕರು ಮಾರಾಟ, ಪುನರ್ನಿರ್ಮಾಣ ಎಂದು ಬಾಡಿಗೆಗೆ ಬಿಡುವುದನ್ನೇ ಶೇಕಡಾ 15ರಷ್ಟು ಕಡಿಮೆ ಮಾಡಿದರು. ನಗರದ ಒಟ್ಟಾರೆ ಬಾಡಿಗೆ ಶೇಕಡಾ 5ರಷ್ಟು ಏರಿತು.

ಆದರೂ ನಾನು ಮಿತಿಯ ವಿರೋಧಿಯಲ್ಲ. 1915ರಲ್ಲಿ, ಯುದ್ಧಸಾಮಗ್ರಿ ಕಾರ್ಖಾನೆಗಳಿಗೆ ಕೆಲಸಗಾರರು ಬಂದು ತುಂಬಿದಾಗ, ಗ್ಲಾಸ್ಗೋದ ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮತ್ತು ಅವರ ನೆರೆಹೊರೆಯ ಹೆಂಗಸರು ಏರಿದ ಬಾಡಿಗೆ ಕೊಡುವುದಿಲ್ಲ ಎಂದು ಕುಳಿತರು, ಒಕ್ಕಲೆಬ್ಬಿಸಲು ಬಂದವರನ್ನು ಮೆಟ್ಟಿಲಲ್ಲೇ ತಡೆದರು. ಅದೇ ವರ್ಷದ ಕೊನೆಯೊಳಗೆ ಬ್ರಿಟನ್ ಸರ್ಕಾರ ಬಾಡಿಗೆ ಏರಿಕೆಯನ್ನು ತಡೆಯುವ ಕಾಯ್ದೆ ತರಬೇಕಾಯಿತು. ಏಕಾಏಕಿ ಏರಿಕೆಯಿಂದ ಜನರನ್ನು ಕಾಯಲು ಮಿತಿ ಒಳ್ಳೆಯ ಗುರಾಣಿ. ಅದರಿಂದ ಮನೆ ಕಟ್ಟಲಾಗದು.

ಹೊಸದಾಗಿ ಕಟ್ಟುವ ಮನೆಗಳೆಲ್ಲ ಹಣವಂತರಿಗೇ ಅಲ್ಲವೇ?

ಹೆಚ್ಚಾಗಿ ಹೌದು. ಆದರೆ ಹಣವಂತನಿಗೆ ಹೊಸ ಮನೆ ಸಿಗದಿದ್ದರೆ ಅವನು ಹಳೆಯ ಮನೆಗೆ ಬರುತ್ತಾನೆ, ಅಲ್ಲಿದ್ದವನು ಇನ್ನೂ ಹಳೆಯದಕ್ಕೆ, ಕೊನೆಯವನು ಮಂಚ ಹಂಚಿಕೊಳ್ಳುವ ಕೋಣೆಗೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ತನ್ನ ವಸತಿ ನೆಲದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ಆರು ವರ್ಷಗಳಲ್ಲಿ ಕಟ್ಟಡ ಅನುಮತಿಗಳು ಹೆಚ್ಚೂಕಡಿಮೆ ಇಮ್ಮಡಿಯಾದವು.

ಮಾರುಕಟ್ಟೆಗೆ ಬಿಟ್ಟರೆ ಎಲ್ಲರಿಗೂ ತಲುಪುತ್ತದೆ ಎಂದು ನಾನು ನಂಬುವುದಿಲ್ಲ. ವಿಯೆನ್ನಾ ನೋಡಿ. 1910ರ ಹೊತ್ತಿಗೆ 20 ಲಕ್ಷ ದಾಟಿದ್ದ ಆ ನಗರದಲ್ಲಿ ಹಾಸಿಗೆಯನ್ನು ಮಾತ್ರ, ಅದೂ ಕೆಲವು ಗಂಟೆಗಳ ಮಟ್ಟಿಗೆ, ಬಾಡಿಗೆಗೆ ಪಡೆಯುವವರಿದ್ದರು. ಅವರನ್ನು ಕರೆಯಲು ಜರ್ಮನ್ ಭಾಷೆಯಲ್ಲಿ ಬೆಟ್‌ಗೇಯರ್ ಎಂಬ ಪದವೇ ಇತ್ತು. 1923ರಲ್ಲಿ ನಗರಸಭೆ ವಸತಿ ತೆರಿಗೆ ಹಾಕಿತು. ಬಂಗಲೆಗೆ ಬಹಳ, ಚಿಕ್ಕ ಮನೆಗೆ ತೀರಾ ಅಲ್ಪ. ಆ ಹಣದಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆ ಎದ್ದವು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದರಲ್ಲೇ 1,382. ಇಂದಿಗೂ ಸುಮಾರು 2,20,000 ಮನೆಗಳು ನಗರಸಭೆಯ ಕೈಯಲ್ಲಿವೆ. ಒಂದು ಕೊರತೆಯನ್ನೂ ಹೇಳಬೇಕು: ಸರದಿಗೆ ಸೇರಲು ಎರಡು ವರ್ಷ ಆ ನಗರದಲ್ಲೇ ವಾಸವಾಗಿರಬೇಕು. ನೆನ್ನೆ ಬಂದವನ ಪಾಲಿಗೆ ವಿಯೆನ್ನಾ ಕೂಡ ದುಬಾರಿಯೇ.

ಖಾಲಿ ಬಿದ್ದಿರುವ ಮನೆಗಳನ್ನೇ ಕೊಟ್ಟರೆ ಸಾಲದೇ?

ಖಾಲಿ ಮನೆಗಳ ಮೇಲೆ ತೆರಿಗೆ ಹಾಕುವುದು ನ್ಯಾಯ. ವ್ಯಾಂಕೂವರ್ 2017ರಿಂದ ಹಾಕುತ್ತಿದೆ. ಆದರೆ ಬಹಳಷ್ಟು ಖಾಲಿ ಮನೆಗಳು ಕೆಲಸವಿಲ್ಲದ ಊರುಗಳಲ್ಲಿವೆ. ಜನ ಕೆಲಸದ ಹತ್ತಿರ ಮಲಗಬೇಕು.

ಶಾಲೆ, ನೀರು, ಒಳಚರಂಡಿ ಇಷ್ಟು ಜನರಿಗೆ ಸಾಲುವುದಿಲ್ಲ ಎಂಬ ದೂರು ಸರಿಯೇ?

ಸರಿ. ನೂರು ಮನೆಗೆಂದು ಹಾಕಿದ ಕೊಳವೆ ಇನ್ನೂರು ಸಂಸಾರದ ಕೊಳಚೆ ಹೊರಲಾರದು. ಆದರೆ ಅನುದಾನ ಬರುವುದು ದಾಖಲೆಯ ತಲೆಲೆಕ್ಕದ ಮೇಲೆ. ಹೊರಹಾಕುತ್ತಾರೆಂಬ ಭಯದಿಂದ ಜನಗಣತಿಯವರ ಮುಂದೆ ಹತ್ತು ಜನರ ಮನೆ ನಾಲ್ಕೆಂದು ಬರೆಸುತ್ತದೆ. ಉಳಿದ ಆರು ಜನರ ಪಾಲಿನ ನೀರು, ಶಿಕ್ಷಕರು, ಕಸದ ಗಾಡಿ ಯಾವುದೂ ಬಡಾವಣೆಗೆ ಬರುವುದಿಲ್ಲ. ಅಡಗಿರುವವರು ಧೈರ್ಯವಾಗಿ ಹೆಸರು ಬರೆಸುವಂತಾದರೆ ಹಳೆಯ ನಿವಾಸಿಗಳಿಗೇ ಮೊದಲ ಲಾಭ.

ನಾವು ಇಲ್ಲಿಯ ಹಳಬರು. ಬೀದಿ ಗುರುತೇ ಸಿಗದಂತಾಗಿದೆ ಎಂದು ನೊಂದರೆ ತಪ್ಪೇ?

ತಪ್ಪಲ್ಲ. ಮಾತನಾಡಿಸುತ್ತಿದ್ದ ಪಕ್ಕದ ಮನೆಯವರು ಹೋಗಿ, ತಿಂಗಳಿಗೊಂದು ಹೊಸ ಮುಖ ಬಂದರೆ ಯಾರಿಗೂ ಒಂಟಿತನ ಕಾಡುತ್ತದೆ. ಒಂದು ವಿಷಯ ಮಾತ್ರ ಗಮನಿಸಿ: ಆ ಹೊಸ ಮುಖವೂ ತಿಂಗಳಿಗೊಮ್ಮೆ ಗಂಟು ಕಟ್ಟುತ್ತಿದೆ. ಗಟ್ಟಿ ಕರಾರು ಇದ್ದರೆ ಅವರೂ ನಿಲ್ಲುತ್ತಾರೆ, ಹೆಸರು ಗೊತ್ತಾಗುತ್ತದೆ.

ನಾನೇ ಅಂಥ ಕೋಣೆಯಲ್ಲಿದ್ದೇನೆ. ಈಗಲೇ ಏನು ಮಾಡಬಹುದು?

ಬಾಡಿಗೆ ನಗದಾಗಿ ಕೊಟ್ಟರೂ ತಾರೀಖು, ಮೊತ್ತ ಬರೆದು, ಪಡೆದವರ ಸಹಿ ಇಲ್ಲವೇ ಒಂದು ಸಂದೇಶವಾದರೂ ಇಟ್ಟುಕೊಳ್ಳಿ. ಅಲ್ಲಿ ವಾಸವಿದ್ದೀರಿ ಎಂಬುದಕ್ಕೆ ಮುಂದೆ ಅದೇ ಸಾಕ್ಷಿ. ಗೋಡೆಯ ತೇವ, ಸುಟ್ಟ ಪ್ಲಗ್, ಮುರಿದ ಮೆಟ್ಟಿಲುಗಳ ಚಿತ್ರ ತೆಗೆದಿಡಿ. ದೂರು ಕೊಡುವುದಾದರೆ ಒಬ್ಬರೇ ಹೋಗಬೇಡಿ. ಮಹಡಿಯ ಎಲ್ಲರ ಸಹಿ ಹಾಕಿಸಿ, ಮತ್ತು ದೂರಿನ ಮೊದಲ ಸಾಲಿನಲ್ಲೇ ದುರಸ್ತಿ ಬೇಕು, ತೆರವು ಬೇಡ ಎಂದು ಬರೆಯಿರಿ. ಬಾಡಿಗೆದಾರರ ಸಂಘ ಇದ್ದರೆ ಕಚೇರಿಗೆ ಹೋಗುವ ಮೊದಲು ಅವರನ್ನು ಕಂಡು ಬನ್ನಿ.

ಇವೆಲ್ಲಕ್ಕೂ ಮುಂಚೆ, ಇಂದು ರಾತ್ರಿಯೇ, ಕಿಟಕಿಗೆ ಅಡ್ಡವಾಗಿರುವ ಮಂಚವನ್ನು ಸರಿಸಿ. ಬಾಗಿಲ ಬಳಿ ವಿದ್ಯುತ್ ಸೈಕಲ್ಲಿನ ಬ್ಯಾಟರಿ ಚಾರ್ಜ್‌ಗೆ ಇಡಬೇಡಿ. ಬೀಗದ ಕೈಯನ್ನು ಒಬ್ಬರ ಜೇಬಿನಲ್ಲಿಡದೆ ಬಾಗಿಲ ಪಕ್ಕದ ಮೊಳೆಗೆ, ಕತ್ತಲಲ್ಲೂ ಕೈಗೆ ಸಿಗುವಂತೆ, ನೇತುಹಾಕಿ. ಆ ಮೊಳೆ ಎಲ್ಲಿದೆ ಎಂಬುದನ್ನು ನೆನ್ನೆ ಬಂದು ಸೇರಿದವನಿಗೂ ತೋರಿಸಿ.